ಬಣ್ಣ ಹಚ್ಚುವ ಆಸೆಯೇ? ತುಮಕೂರಿನಿಂದಲೇ ಶುರು ಮಾಡಿ

ನಮ್ಮ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವುದೆಂದು ಗೊತ್ತಾದರೆ ಎಲ್ಲರೂ ಕೂತು ಮೊದಲು ಮಾತಾಡುವುದು ಪಾತ್ರದ ದುಡ್ಡಿನ ವಿಚಾರ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ವಿದುರನಿಗೆ ಇಷ್ಟು ಎಂದು ಗೊತ್ತು ಮಾಡುತ್ತಾರೆ. ಪಾತ್ರ ಬೇಕಾದವರು ದುಡ್ಡು ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ, ಲೈಟು, ಕಿರೀಟ, ಪಟ್ಟಣದಿಂದ ಬರುವ ಸ್ತ್ರೀ ಪಾತ್ರಧಾರಿಗಳ ಸಂಭಾವನೆ ಎಲ್ಲ ಆ ದುಡ್ಡಿನಲ್ಲೇ ಆಗಬೇಕು. ಊರವರೇ ಸೇರಿ ಮಾಡುವ ಹಬ್ಬ ಅದು, ಅದರಲ್ಲಿ ತಪ್ಪೇನಿಲ್ಲ.

ಆದರೆ ಈ ರೂಢಿಯೇ ನಮ್ಮ ಮಕ್ಕಳಿಗೆ ಮುಳುವಾಗುವುದನ್ನು ನೋಡಿದ್ದೇನೆ. ‘ಸೀರಿಯಲ್‌ನಲ್ಲಿ ಹೀರೊ ತಮ್ಮನ ಪಾತ್ರ ಖಾಲಿ ಇದೆ, ಇಪ್ಪತ್ತೈದು ಸಾವಿರ ಕಟ್ಟಿ’ ಎಂದು ಫೋನ್ ಬಂದರೆ ಅಪ್ಪನಿಗೆ ಅನುಮಾನವೇ ಬರುವುದಿಲ್ಲ. ಅವರೂ ವಯಸ್ಸಿನಲ್ಲಿ ಕರ್ಣನ ಪಾತ್ರಕ್ಕೆ ದುಡ್ಡು ಕಟ್ಟಿದವರೇ. ನಾನು ಕೂಡ ಇಪ್ಪತ್ತೆರಡನೇ ವಯಸ್ಸಿನಲ್ಲಿ ಬೆಂಗಳೂರಿನ ಒಂದು ಆಫೀಸಿನಲ್ಲಿ ರಿಜಿಸ್ಟ್ರೇಷನ್ ಎಂದು ಮೂರು ಸಾವಿರ ಕೊಟ್ಟು ಬಂದೆ. ಅವ್ವ ಹಾಲು ಮಾರಿ ಕೂಡಿಟ್ಟ ದುಡ್ಡು. ಒಂದು ತಿಂಗಳು ಬಿಟ್ಟು ಹೋಗಿ ನೋಡಿದರೆ ಆ ಬಾಗಿಲಿಗೆ ಬೇರೆ ಬೋರ್ಡು ಇತ್ತು.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಸಿನಿಮಾ, ಧಾರಾವಾಹಿ, ಜಾಹೀರಾತು, ವೆಬ್ ಸೀರೀಸ್ ಯಾವುದೇ ಇರಲಿ, ನಟಿಸುವವರಿಗೆ ದುಡ್ಡು ಬರಬೇಕು, ಅವರ ಕೈಯಿಂದ ಹೋಗಬಾರದು. ಆಡಿಷನ್‌ಗೆ ಫೀಸು ಇಲ್ಲ. ಇದೊಂದು ಮಾತು ಮನೆಯವರಿಗೂ ಹೇಳಿಟ್ಟು ಮುಂದಕ್ಕೆ ಓದಿ.

ಮೊದಲು ರಂಗ ಹತ್ತಿ

ಪ್ರಚಾರ ಮಾಡಿಕೊಳ್ಳಬೇಕಾದರೆ ತೋರಿಸಲು ಏನಾದರೂ ಇರಬೇಕಲ್ಲ? ಅದು ನಾಟಕದಲ್ಲಿ ಸಿಗುತ್ತದೆ. ಈ ವಿಚಾರದಲ್ಲಿ ನಮ್ಮ ಜಿಲ್ಲೆಯಷ್ಟು ಪುಣ್ಯ ಮಾಡಿದ ಜಿಲ್ಲೆ ಕಡಿಮೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯನ್ನು ವೀರಣ್ಣನವರು ನಾಡಿಗೆಲ್ಲ ಹೆಸರಾಗುವಂತೆ ಬೆಳೆಸಿದರು. ರಾಜಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಆ ಕಂಪನಿಯ ಅನ್ನ ಉಂಡವರು. ತಿಪಟೂರಿನಲ್ಲಿ ಹುಟ್ಟಿದ ನರಸಿಂಹರಾಜು, ನೊಣವಿನಕೆರೆಯ ಉಮಾಶ್ರೀ ಇಬ್ಬರೂ ರಂಗದ ಮೇಲೆ ಪಳಗಿಯೇ ಕ್ಯಾಮೆರಾ ಮುಂದೆ ನಿಂತವರು.

ಇವತ್ತಿಗೂ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಹವ್ಯಾಸಿ ತಂಡಗಳ ನಾಟಕ ನಡೆಯುತ್ತವೆ. ಟಿಕೆಟ್ ತೆಗೆದುಕೊಂಡು ನೋಡಿ. ಮುಗಿದ ಮೇಲೆ ಹಿಂದಕ್ಕೆ ಹೋಗಿ ನಿರ್ದೇಶಕರನ್ನು ಮಾತಾಡಿಸಿ, ‘ರಿಹರ್ಸಲ್‌ಗೆ ಬರಬಹುದಾ ಸರ್, ಪಾತ್ರ ಇಲ್ಲದಿದ್ದರೂ ಪರವಾಗಿಲ್ಲ’ ಎಂದು ಕೇಳಿ. ಪ್ರಾಪರ್ಟಿ ಅಂದರೆ ರಂಗದ ಸಾಮಾನು ಎತ್ತಿಡಲು, ಪ್ರಾಂಪ್ಟ್ ಮಾಡಲು ಅಂದರೆ ಮರೆತ ಮಾತನ್ನು ಮರೆಯಿಂದ ಹೇಳಿಕೊಡಲು ಯಾವ ತಂಡಕ್ಕಾದರೂ ಜನ ಬೇಕೇ ಬೇಕು. ನಾಟಕಕ್ಕೆ ಎರಡು ವಾರ ಇರುವಾಗ ಯಾರೋ ಒಬ್ಬರು ಕೈಕೊಡುತ್ತಾರೆ. ದಿನವೂ ರಿಹರ್ಸಲ್‌ನಲ್ಲಿ ಕೂತು ಅಷ್ಟೂ ಮಾತು ಬಾಯಿಪಾಠವಾದವರಿಗೆ ಆಗ ಆ ಪಾತ್ರ ಬರುತ್ತದೆ. ನನ್ನ ಮೊದಲ ಪಾತ್ರವೂ ಹಾಗೇ ಬಂತು.

ಕಾಲೇಜಿನಲ್ಲಿದ್ದರೆ ಯುವಜನೋತ್ಸವ ಬಿಡಬೇಡಿ. ಏಕಾಂಕ, ಪ್ರಹಸನ, ಮೂಕಾಭಿನಯ, ಮಿಮಿಕ್ರಿ ನಾಲ್ಕೂ ವಿಭಾಗ ಅಲ್ಲಿವೆ. ಕ್ರಮವಾಗಿ ಕಲಿಯಬೇಕೆಂದರೆ ಹೆಗ್ಗೋಡಿನ ನೀನಾಸಂ, ಸಾಣೇಹಳ್ಳಿಯ ರಂಗಶಾಲೆ, ಬೆಂಗಳೂರಿನ ಕಲಾಗ್ರಾಮದಲ್ಲಿರುವ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ ಇವೆ. ಇವುಗಳ ಪ್ರವೇಶ ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ. ‘ಹದಿನೈದು ದಿನದಲ್ಲಿ ಹೀರೊ’ ಎಂಬ ಜಾಹೀರಾತಿನ ತರಗತಿಗೆ ಲಕ್ಷ ಸುರಿಯುವ ಮುಂಚೆ ಇವುಗಳಿಗೆ ಅರ್ಜಿ ಹಾಕಿ ನೋಡಿ.

ಫೋಟೊ ಐದೇ ಸಾಕು

ಹತ್ತಿರದಿಂದ ಮುಖ, ಅರ್ಧ ದೇಹ, ತಲೆಯಿಂದ ಪಾದದವರೆಗೆ, ಎಡಪಕ್ಕ, ಬಲಪಕ್ಕ. ಹಿಂದೆ ಸಾದಾ ಗೋಡೆ, ಮೈಮೇಲೆ ಸಾದಾ ಬಟ್ಟೆ. ಕೂಲಿಂಗ್ ಗ್ಲಾಸ್ ಬೇಡ, ಬೈಕ್ ಬೇಡ, ಫಿಲ್ಟರ್ ಅಂತೂ ಬೇಡವೇ ಬೇಡ. ಫೋಟೊ ನೋಡುವವರು ಹುಡುಕುವುದು ನಿಮ್ಮ ಮುಖ ಯಾವ ಪಾತ್ರಕ್ಕೆ ಹೊಂದುತ್ತದೆ ಎಂಬುದನ್ನು. ಕಪ್ಪಗಿದ್ದರೆ ಕಪ್ಪಗೇ ಕಾಣಲಿ, ಮೊಡವೆ ಇದ್ದರೆ ಇರಲಿ. ಬೆಳಗಿನ ಎಂಟರ ಹೊತ್ತಿಗೆ ಮನೆಯ ನೆರಳಿನಲ್ಲಿ ನಿಂತು ಸ್ನೇಹಿತರ ಫೋನಿನಲ್ಲಿ ತೆಗೆಸಿದರೂ ನಡೆಯುತ್ತದೆ. ಮೂವತ್ತು ಸಾವಿರದ ಪೋರ್ಟ್‌ಫೋಲಿಯೊ ಈಗಲೇ ಬೇಕಾಗಿಲ್ಲ. ಹೇರ್ ಕಟ್ ಬದಲಾದಾಗ, ಗಡ್ಡ ಬಿಟ್ಟಾಗ, ಮೈ ಬಂದಾಗ ಹೊಸದು ತೆಗೆಸಿ. ಫೋಟೊದಲ್ಲಿ ಕಂಡ ಮುಖವೇ ಆಡಿಷನ್ ಬಾಗಿಲಲ್ಲಿ ಬಂದು ನಿಲ್ಲಬೇಕು.

ವಿಡಿಯೊ ಮಾಡುವ ಬಗೆ

ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ, ಏಕೆಂದರೆ ಈಗ ಮೊದಲ ಸುತ್ತಿನ ಆಯ್ಕೆ ಬಹುಪಾಲು ನಡೆಯುವುದು ಫೋನಿನಲ್ಲೇ. ಎರಡು ಬೇರೆ ಬೇರೆ ವಿಡಿಯೊ ಬೇಕು.

ಒಂದು ಪರಿಚಯದ್ದು. ಲೆನ್ಸ್ ನೋಡಿಕೊಂಡು ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆಗಳು, ಮಾಡಿದ ನಾಟಕಗಳನ್ನು ಹೇಳಿ. ನಂತರ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಮುಗಿಸಿ. ನಲವತ್ತು ಸೆಕೆಂಡು ದಾಟಬಾರದು. ಪಾವಗಡದ ಕಡೆಯವರಾಗಿದ್ದರೆ ತೆಲುಗು ಬರುತ್ತದೆಂದು ಹೇಳಲು ನಾಚಬೇಡಿ. ಶಿರಾ ಪೇಟೆಯಲ್ಲಿ ಬೆಳೆದು ಉರ್ದು ಬಂದರೆ ಅದನ್ನೂ ಸೇರಿಸಿ. ಸೋಮನ ಕುಣಿತ, ಈಜು, ಬುಲೆಟ್ ಓಡಿಸುವುದು, ತೆಂಗಿನ ಮರ ಹತ್ತುವುದು, ಹಸುವಿನ ಹಾಲು ಕರೆಯುವುದು, ಇದ್ದುದೆಲ್ಲ ಹೇಳಿ. ಹಸು ಕರೆಯಲು ನಿಜವಾಗಿ ಬರುವ ನಟಿಯನ್ನು ಹುಡುಕಿ ಸುಸ್ತಾದ ಸಹಾಯಕ ನಿರ್ದೇಶಕರನ್ನು ನಾನೇ ಕಂಡಿದ್ದೇನೆ.

ಇನ್ನೊಂದು ಅಭಿನಯದ್ದು. ಒಂದೂವರೆ ನಿಮಿಷ, ಒಂದೇ ಸನ್ನಿವೇಶ. ಜನಪ್ರಿಯ ಸಿನಿಮಾದ ಡೈಲಾಗ್ ಬೇಡ. ಎಲ್ಲರ ಕಿವಿಯಲ್ಲಿ ಮೊದಲು ಹೇಳಿದವರ ದನಿಯೇ ಕೂತಿರುತ್ತದೆ, ನಿಮ್ಮದು ಕೇಳಿಸುವುದಿಲ್ಲ. ನಿಮ್ಮ ಮನೆಯ ಮಾತಿನಲ್ಲೇ ಒಂದು ಸನ್ನಿವೇಶ ಬರೆದುಕೊಳ್ಳಿ. ‘ಬತ್ತೀನಿ’, ‘ಓಯ್ತೀನಿ’ ಎನ್ನುವ ನಮ್ಮ ಕನ್ನಡ ಕೀಳಲ್ಲ. ಶಿಷ್ಟ ಕನ್ನಡವೂ ಬರುತ್ತದೆಂದು ಪರಿಚಯದ ವಿಡಿಯೊದಲ್ಲಿ ತೋರಿಸಿ, ಅಭಿನಯದಲ್ಲಿ ಊರ ಮಾತು ಆಡಿ. ಎರಡೂ ಕೈಲಿದ್ದರೆ ನಿಮ್ಮ ಬೆಲೆ ಹೆಚ್ಚು.

ಕ್ಯಾತ್ಸಂದ್ರದ ಒಬ್ಬ ಹುಡುಗಿ ವಿಡಿಯೊ ಮಾಡುವಾಗ ಪಕ್ಕದಲ್ಲಿದ್ದೆ. ಬಾಡಿಗೆ ಮನೆ, ಒಂದೇ ಕಿಟಕಿ. ಕಿಟಕಿಗೆ ಮುಖ ಮಾಡಿ ನಿಲ್ಲಿಸಿದೆವು. ಸ್ಟೂಲಿನ ಮೇಲೆ ಅಕ್ಕಿ ಡಬ್ಬ, ಡಬ್ಬಕ್ಕೆ ಒರಗಿಸಿ ಫೋನು ಅಡ್ಡಲಾಗಿ, ಲೆನ್ಸ್ ಅವಳ ಕಣ್ಣಿನ ಮಟ್ಟಕ್ಕೆ. ಐದಾರು ಅಡಿ ದೂರ, ಎದೆಯಿಂದ ಮೇಲಕ್ಕೆ ಕಾಣುವಂತೆ. ಫ್ಯಾನ್ ಆರಿಸಿದೆವು, ಅದರ ಸದ್ದು ಕಿವಿಗೆ ಬೀಳದಿದ್ದರೂ ವಿಡಿಯೊಗೆ ಬೀಳುತ್ತದೆ. ಎದುರು ಪಾತ್ರದ ಮಾತು ಓದಲು ಅವಳ ಅಮ್ಮ ಲೆನ್ಸಿನ ಪಕ್ಕದಲ್ಲೇ ನಿಂತರು. ಕಾಲೇಜು ಬಿಡುತ್ತೇನೆ ಎಂದು ಮಗಳು ಹೇಳುವ ಸನ್ನಿವೇಶ. ಮೊದಲ ಸಲ ಪಕ್ಕದ ಮನೆಯ ಕುಕ್ಕರ್ ಕೂಗಿತು. ಎರಡನೇ ಸಲ ಅವಳ ಕೈ ಎಲ್ಲಿಡಬೇಕೆಂದು ತಿಳಿಯದೆ ದುಪಟ್ಟಾ ಹಿಡಿದು ತಿರುಚುತ್ತಲೇ ಇತ್ತು. ಮೂರನೇ ಸಲ ಅಮ್ಮ ಹಾಳೆ ನೋಡುವುದನ್ನು ಬಿಟ್ಟು, ‘ಹಂಗಂದ್ರೆ ನಾನು ಇಷ್ಟು ದಿನ ಬೀಡಿ ಸುತ್ತಿದ್ದು ಯಾತಕ್ಕೆ ಕಣೆ?’ ಎಂದು ಕೇಳಿದರು. ಬರೆದ ಮಾತಲ್ಲ ಅದು. ಹುಡುಗಿ ಒಂದು ಕ್ಷಣ ಸುಮ್ಮನಾದಳು, ಕೈ ತಾನಾಗಿ ಕೆಳಗಿಳಿಯಿತು, ಉತ್ತರ ಮೆಲ್ಲಗೆ ಬಂತು. ಅದನ್ನೇ ಕಳಿಸಿದೆವು. ಎರಡು ದಿನದ ನರ್ಸ್ ಪಾತ್ರ ಸಿಕ್ಕಿತು.

ಎದುರಿನವರ ಮಾತು ಕೇಳಿಸಿಕೊಳ್ಳುವ ಮುಖ ಹೇಗಿದೆ ಎಂಬುದನ್ನು ನೋಡುವವರು ಗಮನಿಸುತ್ತಾರೆ. ಆದ್ದರಿಂದ ಒಬ್ಬರೇ ಗೋಡೆಗೆ ಮಾತಾಡಬೇಡಿ, ಯಾರಾದರೂ ಒಬ್ಬರನ್ನು ನಿಲ್ಲಿಸಿಕೊಳ್ಳಿ. ಹಿನ್ನೆಲೆ ಸಂಗೀತ ಹಾಕಬೇಡಿ.

ಯಾರಿಗೆ, ಹೇಗೆ ಕಳಿಸುವುದು

ದೊಡ್ಡ ನಿರ್ದೇಶಕರಿಗೆ, ಸ್ಟಾರ್‌ಗಳಿಗೆ ಮೆಸೇಜ್ ಹಾಕಿ ಕಾಯುವುದರಲ್ಲಿ ವರ್ಷ ಕಳೆಯಬೇಡಿ. ಸಣ್ಣ ಪಾತ್ರಗಳಿಗೆ ಮುಖ ಹುಡುಕುವವರು ಕಾಸ್ಟಿಂಗ್ ನೋಡಿಕೊಳ್ಳುವವರು, ಸಹ ನಿರ್ದೇಶಕರು, ಸಹಾಯಕ ನಿರ್ದೇಶಕರು. ಅವರ ಹೆಸರು ಟೈಟಲ್ ಕಾರ್ಡಿನಲ್ಲೇ ಇರುತ್ತದೆ. ನೀವು ನೋಡುವ ಧಾರಾವಾಹಿಯನ್ನು ಅಲ್ಲಿ ನಿಲ್ಲಿಸಿ ಬರೆದುಕೊಳ್ಳಿ, ಇನ್‌ಸ್ಟಾಗ್ರಾಂನಲ್ಲಿ ಹುಡುಕಿ. ವಾಹಿನಿಗಳು, ನಿರ್ಮಾಣ ಸಂಸ್ಥೆಗಳು ತಮ್ಮ ಅಧಿಕೃತ ಪುಟದಲ್ಲೇ ಆಡಿಷನ್ ಪ್ರಕಟಣೆ ಹಾಕುತ್ತವೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬಂದ ಪೋಸ್ಟರನ್ನು ಆ ಪುಟದಲ್ಲಿ ಇದೆಯೇ ಎಂದು ನೋಡದೆ ನಂಬಬೇಡಿ.

ಮೆಸೇಜ್ ಹೀಗಿದ್ದರೆ ಸಾಕು: ‘ನಮಸ್ಕಾರ ಸರ್. ನನ್ನ ಹೆಸರು ಇಂಥದ್ದು. ವಯಸ್ಸು 21, ಎತ್ತರ 5 ಅಡಿ 4 ಇಂಚು, ಊರು ತುಮಕೂರು. ಎರಡು ವರ್ಷದಿಂದ ನಾಟಕ ಮಾಡುತ್ತಿದ್ದೇನೆ. ಕನ್ನಡ, ತೆಲುಗು ಬರುತ್ತದೆ. ಫೋಟೊ, ವಿಡಿಯೊ ಇದರ ಜೊತೆಗಿವೆ. ಹೊಂದುವ ಪಾತ್ರವಿದ್ದರೆ ಆಡಿಷನ್‌ಗೆ ಬರುತ್ತೇನೆ.’ ಬರೀ ‘ಹಾಯ್ ಸರ್’ ಎಂದು ಕಳಿಸಿ ಉತ್ತರಕ್ಕೆ ಕಾಯಬೇಡಿ. ‘ಒಂದು ಚಾನ್ಸ್ ಕೊಡಿ, ಕಾಲಿಗೆ ಬೀಳುತ್ತೇನೆ’ ಎಂದು ಖಂಡಿತ ಬರೆಯಬೇಡಿ. ನೀವು ಕೆಲಸ ಕೇಳುತ್ತಿದ್ದೀರಿ, ಭಿಕ್ಷೆಯಲ್ಲ.

ವಾಟ್ಸ್ಆ್ಯಪ್‌ನಲ್ಲಿ ಫೋಟೊ, ವಿಡಿಯೊ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಮಸುಕಾಗುವುದಿಲ್ಲ. ಡ್ರೈವ್ ಲಿಂಕ್ ಕಳಿಸಿದರೆ ಬೇರೆಯವರ ಫೋನಿನಲ್ಲಿ ತೆರೆಯುತ್ತದೆಯೇ ಎಂದು ನೋಡಿ. ಅನುಮತಿ ಕೇಳುವ ಲಿಂಕನ್ನು ಯಾರೂ ಎರಡನೇ ಸಲ ಒತ್ತುವುದಿಲ್ಲ. ಫೈಲಿನ ಹೆಸರಿನಲ್ಲೇ ನಿಮ್ಮ ಹೆಸರು, ವಯಸ್ಸು, ಎತ್ತರ ಇರಲಿ.

ಇನ್‌ಸ್ಟಾಗ್ರಾಂಗೆ ದಿನಕ್ಕೊಂದು ಲಿಪ್‌ಸಿಂಕ್ ರೀಲ್ ಹಾಕುವುದಕ್ಕಿಂತ ವಾರಕ್ಕೊಂದು ಸ್ವಂತ ದನಿಯ ತುಣುಕು ಮೇಲು. ನಾಟಕದ ಫೋಟೊ, ಅಭಿನಯದ ವಿಡಿಯೊ ಮೇಲುಗಡೆ ಪಿನ್ ಮಾಡಿ. ಕಾಲೇಜುಗಳ ಪತ್ರಿಕೋದ್ಯಮ ವಿಭಾಗದವರು, ಫಿಲ್ಮ್ ಕಲಿಯುವ ವಿದ್ಯಾರ್ಥಿಗಳು ಮಾಡುವ ಕಿರುಚಿತ್ರಗಳಿಗೆ ನಟರು ಬೇಕಾಗುತ್ತಾರೆ. ದುಡ್ಡು ಬರುವುದಿಲ್ಲ, ಆದರೆ ನಿಮ್ಮ ದೃಶ್ಯದ ಪ್ರತಿ ಕೊಡಬೇಕೆಂದು ಮುಂಚೆಯೇ ಮಾತಾಡಿಕೊಳ್ಳಿ. ಅಂಥ ಮೂರು ತುಣುಕು ಜೋಡಿಸಿದರೆ ಅದೇ ನಿಮ್ಮ ಶೋರೀಲ್. ದನಿ ಚೆನ್ನಾಗಿದ್ದರೆ ಡಬ್ಬಿಂಗ್ ಸ್ಟುಡಿಯೊಗಳಲ್ಲಿ, ಆಕಾಶವಾಣಿಯ ನಾಟಕ ವಿಭಾಗದ ಧ್ವನಿ ಪರೀಕ್ಷೆಯಲ್ಲಿ ಪ್ರಯತ್ನಿಸಿ.

ಕರೆ ಬಂದ ದಿನ

ಬೆಂಗಳೂರು ಎಪ್ಪತ್ತು ಕಿಲೋಮೀಟರ್. ರೂಮ್ ಮಾಡಬೇಕಾಗಿಲ್ಲ, ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರಬಹುದು. ಬಸ್ಸಿನಲ್ಲಿ ಹೋಗಿ ಮಾದಾವರದಲ್ಲಿ ಮೆಟ್ರೊ ಹತ್ತಿದರೆ ಯಶವಂತಪುರದ ಟ್ರಾಫಿಕ್ ತಪ್ಪುತ್ತದೆ. ಅದೇ ಹಸಿರು ಮಾರ್ಗದಲ್ಲಿ ಮುಂದುವರಿದರೆ ರವೀಂದ್ರ ಕಲಾಕ್ಷೇತ್ರಕ್ಕೂ ಜೆ.ಪಿ. ನಗರದ ರಂಗಶಂಕರಕ್ಕೂ ಹತ್ತಿರವಾಗುತ್ತದೆ. ಆಡಿಷನ್ ಮುಗಿದ ಸಂಜೆ ಅಲ್ಲೊಂದು ನಾಟಕ ನೋಡಿಕೊಂಡು ಬನ್ನಿ. ಕೊನೆಯ ಬಸ್ಸಿನ ಹೊತ್ತು ಮಾತ್ರ ನೋಡಿಕೊಳ್ಳಿ.

ಹೊತ್ತಿಗೆ ಅರ್ಧ ಗಂಟೆ ಮುಂಚೆ ಇರಿ. ಒಂದು ಜೊತೆ ಸಾದಾ ಬಟ್ಟೆ, ನೀರು, ಬಾಚಣಿಗೆ, ಆಧಾರ್ ಪ್ರತಿ ಬ್ಯಾಗಿನಲ್ಲಿರಲಿ. ಮಾತಿನ ಹಾಳೆ ಕೈಗೆ ಬಂದೊಡನೆ ಉರು ಹೊಡೆಯಲು ಹೊರಡಬೇಡಿ. ಈ ಪಾತ್ರದ ಮನುಷ್ಯನಿಗೆ ಎದುರಿನವರಿಂದ ಏನು ಬೇಕಾಗಿದೆ ಎಂದು ಮೊದಲು ಯೋಚಿಸಿ. ತಪ್ಪಿದರೆ ‘ಇನ್ನೊಂದು ಸಲ ಮಾಡಲೇ ಸರ್?’ ಎಂದು ಕೇಳಿದರೆ ಯಾರೂ ಬೇಸರ ಪಡುವುದಿಲ್ಲ. ಆಯ್ಕೆಯಾದರೆ ಎಷ್ಟು ದಿನದ ಕೆಲಸ, ದಿನಕ್ಕೆಷ್ಟು, ಬತ್ತಾ (ಊಟ, ಓಡಾಟದ ಖರ್ಚು) ಇದೆಯೇ, ಪೇಮೆಂಟ್ ಯಾವಾಗ ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಪಾನ್ ಕಾರ್ಡ್ ಬೇಕಾಗುತ್ತದೆ.

ಈ ಗೆರೆ ದಾಟಬೇಡಿ

ಆಡಿಷನ್ ಹಗಲು ಹೊತ್ತಿನಲ್ಲಿ, ಆಫೀಸು ಅಥವಾ ಸ್ಟುಡಿಯೊದಲ್ಲಿ ಇರಬೇಕು. ರಾತ್ರಿ ಹೋಟೆಲ್ ರೂಮಿಗೆ ಕರೆದರೆ ಹೋಗಬೇಡಿ, ಹುಡುಗರಿಗೂ ಇದೇ ಮಾತು. ಮೊದಲ ಕೆಲವು ಸಲ ಜೊತೆಗೆ ಅಕ್ಕನೋ ಅಣ್ಣನೋ ಬರಲಿ. ಒಳ್ಳೆಯ ತಂಡ ಅದಕ್ಕೆ ಬೇಡ ಎನ್ನುವುದಿಲ್ಲ. ‘ಟೆಸ್ಟ್’ ಎಂದು ಮೈ ಕಾಣುವ ಫೋಟೊ ಕೇಳಿದರೆ ಆ ನಂಬರ್ ಬ್ಲಾಕ್ ಮಾಡುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ಪೊಲೀಸರಿಗೆ ಕೊಡಿ. ಆನ್‌ಲೈನ್‌ನಲ್ಲಿ ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ಸಣ್ಣ ಮಕ್ಕಳ ಅಪ್ಪ ಅಮ್ಮ ಇದನ್ನು ಗಮನಿಸಬೇಕು. ಬಾಲಕಲಾವಿದರಿಗೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ನಿರ್ಮಾಪಕರು ಜಿಲ್ಲಾಧಿಕಾರಿಯ ಅನುಮತಿ ಪಡೆಯಬೇಕು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ 20 ಪರ್ಸೆಂಟ್ ಮಗುವಿನ ಹೆಸರಿನಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಇದು ಕಾನೂನು, ಕೇಳಲು ಹಿಂಜರಿಯಬೇಡಿ.

ಒಂದು ನೋಟ್‌ಬುಕ್

ಯಾವ ದಿನ, ಯಾರಿಗೆ, ಯಾವ ಪಾತ್ರಕ್ಕೆ ಕಳಿಸಿದಿರಿ, ಏನಾಯಿತು ಎಂದು ಬರೆದಿಡಿ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಂದೇ ಸಲ ನೆನಪಿಸಿ. ಹೊಸ ನಾಟಕ ಮಾಡಿದಾಗ, ಹೊಸ ವಿಡಿಯೊ ಮಾಡಿದಾಗ ಅದೇ ಪಟ್ಟಿಗೆ ಮತ್ತೆ ಕಳಿಸಿ. ಕ್ಯಾತ್ಸಂದ್ರದ ಆ ಹುಡುಗಿಯ ನೋಟ್‌ಬುಕ್ಕಿನಲ್ಲಿ ನಾನು ಕಳೆದ ಸಲ ನೋಡಿದಾಗ ಅರವತ್ತೊಂದು ಸಾಲು ಇದ್ದವು, ಕರೆ ಬಂದ ನಾಲ್ಕರ ಮುಂದೆ ಟಿಕ್. ನಾಲ್ಕನೆಯದು, ಎಂಟು ತಿಂಗಳ ಹಿಂದೆ ಕಳಿಸಿ ಉತ್ತರ ಬಾರದೆ ಉಳಿದಿದ್ದ ಸಾಲು. ‘ಆಗ ವಯಸ್ಸು ಹೊಂದಿರಲಿಲ್ಲಮ್ಮ, ಈಗ ನಿನ್ನ ವಯಸ್ಸಿನ ಪಾತ್ರ ಬಂದಿದೆ, ಸೋಮವಾರ ಬಾ’ ಎಂದು ಅವರೇ ಫೋನ್ ಮಾಡಿದ್ದರಂತೆ.