ಫಾರ್ಮ್ಯಾಟ್ ಕೇಳುತ್ತಿದ್ದ 1 ಟಿಬಿ ಡಿಸ್ಕಿನಿಂದ ಮದುವೆ ಫೋಟೊ ತೆಗೆದ ಕ್ರಮ

ಹಾಸನದ ಒಂದು ಫೋಟೊ ಸ್ಟುಡಿಯೊದಿಂದ ಬಂದದ್ದು ಎರಡೂವರೆ ಇಂಚಿನ, 1 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್. ಒಳಗೆ ಎರಡು ಸೀಸನ್ನಿನ ಮದುವೆ ಫೋಟೊ, ಬೇರೆಲ್ಲೂ ಪ್ರತಿ ಇಲ್ಲ. ವಿಂಡೋಸ್‌ನಲ್ಲಿ ಡ್ರೈವ್ ಲೆಟರ್ ಕಾಣುತ್ತಿತ್ತು, ತೆರೆಯಲು ಹೋದರೆ ಫಾರ್ಮ್ಯಾಟ್ ಮಾಡಿ ಎನ್ನುತ್ತಿತ್ತು. ಪುಣ್ಯಕ್ಕೆ ಅವರು ಫಾರ್ಮ್ಯಾಟ್ ಒತ್ತಿರಲಿಲ್ಲ, ವಿಂಡೋಸ್‌ನದೇ ರಿಪೇರಿ ಪ್ರೋಗ್ರಾಂ ಚೆಕ್‌ಡಿಸ್ಕ್ ಕೂಡ ಓಡಿಸಿರಲಿಲ್ಲ. ನನ್ನ ಮಟ್ಟಿಗೆ ಎರಡೂ ಒಂದೇ ಅಪಾಯ. ಫೈಲ್ ಸಿಸ್ಟಮ್ಮಿನ (ಯಾವ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ ಎಂಬ ವ್ಯವಸ್ಥೆಯ) ಲೆಕ್ಕ ಸರಿಹೋದರೆ ಸಾಕು, ಚೆಕ್‌ಡಿಸ್ಕ್‌ನ ಕೆಲಸ ಮುಗಿಯಿತು. ಅದಕ್ಕಾಗಿ ಓದಲು ಬಾರದ ದಾಖಲೆಗಳನ್ನು ಅಳಿಸಿಯೂ ಬಿಡುತ್ತದೆ. ಕೆಟ್ಟ ಡಿಸ್ಕಿನ ಮೇಲೆ ಒಂದು ಬೈಟನ್ನೂ ಬರೆಯಕೂಡದು. ಮೊದಲು ಪೂರ್ತಿ ನಕಲು, ರಿಪೇರಿ ಏನಿದ್ದರೂ ನಕಲಿನ ಮೇಲೆ.

ಯಾವ ಸಾಫ್ಟ್‌ವೇರ್ ತೆರೆಯುವ ಮೊದಲೂ ಡಿಸ್ಕಿನ ಸದ್ದು ಕೇಳಬೇಕು. ಒಂದೇ ಸಮ ಗುಂಯ್‌ಗುಡುತ್ತಿದ್ದರೆ ಮುಂದುವರಿಯಬಹುದು. ಟಕ್ ಟಕ್ ಎಂದು ಬಡಿದರೆ ಓದುವ ಹೆಡ್ ಕೆಟ್ಟಿದೆ ಎಂದೇ ತಿಳಿಯಿರಿ. ಸಣ್ಣಗೆ ಬೀಪ್ ಬಂದರೆ ಹೆಡ್ ಪ್ಲ್ಯಾಟರಿಗೆ (ಒಳಗೆ ತಿರುಗುವ ತಟ್ಟೆಗೆ) ಅಂಟಿಕೊಂಡು ಮೋಟರ್ ತಿರುಗುತ್ತಿಲ್ಲ, ಇಲ್ಲವೇ ಕರೆಂಟ್ ಸಾಲುತ್ತಿಲ್ಲ. ಕೇಬಲ್, ಪೋರ್ಟ್ ಬದಲಿಸಿದ ಮೇಲೂ ಬೀಪ್ ನಿಲ್ಲದಿದ್ದರೆ, ಅಥವಾ ಟಕ್ ಟಕ್ ಸದ್ದಾದರೆ, ತಕ್ಷಣ ಕಿತ್ತಿಡಿ. ಅದು ಬೆಂಗಳೂರಿನಲ್ಲಿ ಕ್ಲೀನ್‌ರೂಮ್ (ಧೂಳಿಲ್ಲದ ಕೋಣೆ) ಇರುವ ಲ್ಯಾಬಿನ ಕೆಲಸ, ಮನೆಯದಲ್ಲ. ಫ್ರೀಜರಿನಲ್ಲಿಟ್ಟು ನೋಡಿ ಎಂಬ ಸಲಹೆ ಇನ್ನೂ ಓಡಾಡುತ್ತಿದೆ. ನಮ್ಮ ಕಡೆಯ ಮಳೆಗಾಲದ ಗಾಳಿಯಲ್ಲಿ ತಣ್ಣಗಾದ ಡಿಸ್ಕನ್ನು ಹೊರತೆಗೆದರೆ ಒಳಗೂ ಹೊರಗೂ ನೀರು ಕಟ್ಟುತ್ತದೆ. ದಯವಿಟ್ಟು ಮಾಡಬೇಡಿ.

ಕೇಬಲ್ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು, ಯಾಕೆಂದರೆ ಎಷ್ಟೋ ಕೇಸು ಇಲ್ಲಿಗೇ ಮುಗಿಯುತ್ತವೆ. ಈ ಡಿಸ್ಕುಗಳಿಗೆ ಬರುವ ಅಗಲ ಮೂತಿಯ ಮೈಕ್ರೊ-ಬಿ ಕೇಬಲ್ ಬೇಗ ಸಡಿಲವಾಗುತ್ತದೆ. ಯುಎಸ್‌ಬಿ 2 ಪೋರ್ಟು ಕೊಡುವುದು 500 ಮಿಲಿಆಂಪ್, ಯುಎಸ್‌ಬಿ 3 ಕೊಡುವುದು 900. ಸಣ್ಣ ಡಿಸ್ಕೂ ತಿರುಗಲು ಶುರುವಾಗುವ ಕ್ಷಣದಲ್ಲಿ 1 ಆಂಪ್‌ನ ಆಸುಪಾಸು ಎಳೆಯಬಹುದು. ಹಾಗಾಗಿ ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟಿಗೇ ಹಾಕಿ, ಒಂದಡಿಗಿಂತ ಉದ್ದದ ಕೇಬಲ್ ಬೇಡ. ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟುಗಳಿಂದ ಬರುವ ಡಿಸ್ಕುಗಳಲ್ಲಿ ಕನೆಕ್ಟರಿನ ಪಿನ್ನಿಗೆ ಕಿಲುಬು ಹಿಡಿದಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೃದು ಬ್ರಷ್‌ನಿಂದ ಉಜ್ಜಿ, ಹತ್ತು ನಿಮಿಷ ಆರಲು ಬಿಟ್ಟು ಹಾಕಿದರೆ ಎಷ್ಟೋ ಸಲ ಡಿಸ್ಕ್ ಏನೂ ಆಗದವರಂತೆ ತೆರೆದುಕೊಳ್ಳುತ್ತದೆ. ಕವಚ ಬಿಚ್ಚಿ ಒಳಗಿನ ಡ್ರೈವನ್ನು ನೇರ ಕಂಪ್ಯೂಟರಿನೊಳಗಿನ ಸಾಟಾ ಪೋರ್ಟಿಗೆ ಹಾಕುವುದೂ ಒಳ್ಳೆಯ ದಾರಿ, ಆದರೆ ಎಲ್ಲದಕ್ಕೂ ಆಗದು. ಡಬ್ಲ್ಯೂಡಿ ಮೈ ಪಾಸ್‌ಪೋರ್ಟ್‌ನ ಹಲವು ಮಾದರಿಗಳಲ್ಲಿ ಯುಎಸ್‌ಬಿ ಕನೆಕ್ಟರನ್ನು ಡ್ರೈವಿನ ಬೋರ್ಡಿಗೇ ಬೆಸೆದಿರುತ್ತಾರೆ, ಪಾಸ್‌ವರ್ಡ್ ಇಡದಿದ್ದರೂ ಡೇಟಾ ಎನ್‌ಕ್ರಿಪ್ಟ್ ಆಗಿಯೇ (ಗೂಢಲಿಪಿಯಲ್ಲೇ) ಇರುತ್ತದೆ.

ಸ್ಟುಡಿಯೊದ ಡಿಸ್ಕಿನ ಸದ್ದು ಚೆನ್ನಾಗಿತ್ತು, ಕೇಬಲ್ ಬದಲಿಸಿದರೂ ಫಲವಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 931 ಜಿಬಿ (1 ಟಿಬಿಯನ್ನು ವಿಂಡೋಸ್ ಎಣಿಸುವುದೇ ಹೀಗೆ) ಸರಿಯಾಗಿ ತೋರಿಸುತ್ತಿತ್ತು, ಫೈಲ್ ಸಿಸ್ಟಮ್ ಜಾಗದಲ್ಲಿ ಮಾತ್ರ 'ರಾ', ಅಂದರೆ ಗುರುತು ಸಿಗುತ್ತಿಲ್ಲ, ಎಂದಿತ್ತು. ಅಳತೆ ಸರಿ ಇದ್ದರೆ ಆಸೆ ಇದೆ. ಅಲ್ಲಿಂದ ಮುಂದೆ ವಿಂಡೋಸ್ ಬಿಟ್ಟು, ಪೆನ್‌ಡ್ರೈವಿನಿಂದ ಉಬುಂಟು ಬೂಟ್ ಮಾಡಿ, ಆಟೊಮೌಂಟ್ (ಹಾಕಿದ ಡಿಸ್ಕನ್ನು ತಾನಾಗಿ ತೆರೆಯುವುದು) ಆಫ್ ಮಾಡಿದ ಮೇಲೇ ಡಿಸ್ಕ್ ಹಾಕಿದೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ನಾನು ನೋಡುವುದು ನಾಲ್ಕು ಸಾಲು: 5, 197, 198, 199. 199 ಏರಿದ್ದರೆ ದೋಷ ಹೆಚ್ಚಾಗಿ ಕೇಬಲ್ಲಿನದು. 197 ಎಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು (ಡಿಸ್ಕ್ ಓದುವ, ಬರೆಯುವ ಸಣ್ಣ ತುಂಡುಗಳು). ಈ ಡಿಸ್ಕಿನಲ್ಲಿ ಅಂಥವು 184 ಇದ್ದವು. ಈಗಿನ ಡಿಸ್ಕುಗಳ ನಿಜವಾದ ಸೆಕ್ಟರ್ 4096 ಬೈಟಿನದು, ಒಂದು ಹೋದರೆ 512 ಬೈಟಿನ ಎಂಟು ಒಟ್ಟಿಗೆ ಹೋಗುತ್ತವೆ. ಅದಕ್ಕೇ ಈ ಅಂಕಿ ಸಾಮಾನ್ಯವಾಗಿ ಎಂಟರ ಮಗ್ಗಿಯಲ್ಲಿ ಏರುವುದು.

ನಕಲಿಗೆ ಬಳಸಿದ್ದು ಕೆಟ್ಟ ಡಿಸ್ಕಿನಿಂದ ನಕಲು ತೆಗೆಯಲೆಂದೇ ಇರುವ ಪ್ರೋಗ್ರಾಂ, ಗ್ನೂ ಡಿಡಿರೆಸ್ಕ್ಯೂ. ನಕಲು ಇಡಲು 2 ಟಿಬಿಯ ಬೇರೆ ಡಿಸ್ಕ್ ಬೇಕು. 1 ಟಿಬಿಯದ್ದು ಫಾರ್ಮ್ಯಾಟ್ ಆದ ಮೇಲೆ ಕೂದಲೆಳೆಯಷ್ಟು ಚಿಕ್ಕದಾಗಿ, ಕೊನೆಗೆ ಜಾಗ ಸಾಲದೆ ನಿಲ್ಲುತ್ತದೆ. ನಕಲಿನ ಡಿಸ್ಕಿನ ಫೈಲ್ ಸಿಸ್ಟಮ್ ಫ್ಯಾಟ್32 ಆಗಿರಕೂಡದು, 4 ಜಿಬಿಗಿಂತ ದೊಡ್ಡ ಫೈಲನ್ನು ಅದು ಹಿಡಿಯುವುದಿಲ್ಲ. ಡಿಸ್ಕಿನಿಂದ ಡಿಸ್ಕಿಗೆ ನೇರ ನಕಲು ಮಾಡುವುದಕ್ಕಿಂತ ಇಮೇಜ್ ಫೈಲ್ (ಇಡೀ ಡಿಸ್ಕಿನ ನಕಲು ಒಂದೇ ಫೈಲಿನಲ್ಲಿ) ಮಾಡುವುದೇ ನನಗೆ ಇಷ್ಟ. ಡಿಸ್ಕಿನ ಮೇಲೆ ಬರೆಯಲು 'ಫೋರ್ಸ್' ಆಯ್ಕೆ ಕೊಡಲೇಬೇಕು, ಆಗ ಮೂಲ ಯಾವುದು ನಕಲು ಯಾವುದು ಎಂದು ಅದಲುಬದಲಾದರೆ ಎಲ್ಲ ಹೋಯಿತು. ಕಮಾಂಡಿನಲ್ಲಿ ಮೊದಲು ಮೂಲ, ನಂತರ ಇಮೇಜ್, ಕೊನೆಗೆ ಮ್ಯಾಪ್ ಫೈಲ್. ಎಲ್ಲಿಯವರೆಗೆ ಓದಿಯಾಯಿತು, ಎಲ್ಲಿ ಎಡವಿತು ಎಂಬ ಲೆಕ್ಕ ಮ್ಯಾಪ್ ಫೈಲಿನಲ್ಲಿರುತ್ತದೆ. ಅದು ಕಳೆದರೆ ಮತ್ತೆ ಮೊದಲಿಂದ ಶುರು, ಆದ್ದರಿಂದ ಆಗಾಗ ಅದರ ಒಂದು ಪ್ರತಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ.

ಮೊದಲ ಸುತ್ತಿಗೆ 'ಡಿ' ಮತ್ತು 'ಎನ್' ಆಯ್ಕೆ: 'ಡಿ' ಡಿಸ್ಕನ್ನು ನೇರವಾಗಿ ಓದಲು, 'ಎನ್' ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಂಡು, ಕಷ್ಟದ ಜಾಗವನ್ನು ಕೆದಕದೆ ಮುಂದೆ ಹೋಗಲಿ ಎಂದು. ಯುಎಸ್‌ಬಿ 3ರಲ್ಲಿ ಸೆಕೆಂಡಿಗೆ 100 ಎಂಬಿ ಸಿಕ್ಕರೆ 1 ಟಿಬಿಗೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಯುಎಸ್‌ಬಿ 2 ಆದರೆ ಎಂಟೂವರೆ. ಇದಕ್ಕೆ ನಾಲ್ಕು ಗಂಟೆ ಹಿಡಿಯಿತು. ಉಳಿದದ್ದು 40 ಎಂಬಿ ಮಾತ್ರ. ಎರಡನೇ ಸುತ್ತಿಗೆ 'ಎನ್' ತೆಗೆದು 'ಆರ್3' ಕೊಟ್ಟೆ, ಅಂದರೆ ಕೆಟ್ಟ ಸೆಕ್ಟರನ್ನು ಮೂರು ಸಲ ಮತ್ತೆ ಪ್ರಯತ್ನಿಸು ಎಂದು. ಆ 40 ಎಂಬಿಗೆ ಇಡೀ ರಾತ್ರಿ ಬೇಕಾಯಿತು. ಇಂಥ ಕೆಲಸಕ್ಕೆ ಬ್ಯಾಟರಿ ಗಟ್ಟಿಯಿರುವ ಲ್ಯಾಪ್‌ಟಾಪೇ ಒಳ್ಳೆಯದು, ಕರೆಂಟ್ ಹೋದರೂ ಓದು ನಿಲ್ಲುವುದಿಲ್ಲ. ಮೂಲ ಡಿಸ್ಕಿನ ಮೇಲೆ ಟೇಬಲ್ ಫ್ಯಾನ್ ಗಾಳಿ ಬೀಳುವಂತಿರಲಿ. 50 ಡಿಗ್ರಿ ದಾಟಿದರೆ ನಾನು ನಿಲ್ಲಿಸಿ ತಣಿಯಲು ಬಿಡುತ್ತೇನೆ. ನಡುವೆ ಡಿಸ್ಕ್ ಕಳಚಿಕೊಂಡು ಮತ್ತೆ ಬಂದರೆ ಉಬುಂಟುವಿನಲ್ಲಿ ಅದರ ಹೆಸರು ಬದಲಾಗಬಹುದು, ಎಸ್‌ಡಿಬಿ ಇದ್ದದ್ದು ಎಸ್‌ಡಿಸಿ ಆಗುತ್ತದೆ. ಮುಂದುವರಿಸುವ ಮುನ್ನ ಅಳತೆ, ಸೀರಿಯಲ್ ನಂಬರ್ ಎರಡನ್ನೂ ತಾಳೆ ನೋಡಲೇಬೇಕು.

ಇಮೇಜ್ ಕೈಗೆ ಬಂದ ಮೇಲೆ ಮೂಲ ಡಿಸ್ಕ್ ಕಿತ್ತು ಪಕ್ಕಕ್ಕಿಟ್ಟೆ. ಪಾರ್ಟಿಶನ್ ಸರಿಪಡಿಸುವ ಪ್ರೋಗ್ರಾಂ ಟೆಸ್ಟ್‌ಡಿಸ್ಕ್‌ನಲ್ಲಿ ಇಮೇಜ್ ತೆರೆದು ಅಡ್ವಾನ್ಸ್ಡ್, ಅಲ್ಲಿಂದ ಬೂಟ್ ಮೆನುವಿಗೆ ಹೋದೆ. ಬೂಟ್ ಸೆಕ್ಟರ್ (ಪಾರ್ಟಿಶನ್ನಿನ ವಿವರ ಇರುವ ಮೊದಲ ಸೆಕ್ಟರ್) ಕೆಟ್ಟಿದೆ, ಬ್ಯಾಕಪ್ ಸರಿಯಿದೆ ಎಂದು ತೋರಿಸಿತು. ವಿಂಡೋಸ್‌ನ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ಒಂದು ಪ್ರತಿಯನ್ನು ಪಾರ್ಟಿಶನ್ನಿನ ಕಟ್ಟಕಡೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ. 'ಬ್ಯಾಕಪ್ ಬಿಎಸ್' ಒತ್ತಿದಾಗ ಅದು ಮುಂದಕ್ಕೆ ನಕಲಾಯಿತು, ಪಟ್ಟಿ ಕೇಳಿದರೆ ಫೋಲ್ಡರುಗಳೆಲ್ಲ ಹೆಸರಿನ ಸಮೇತ ಬಂದವು. ಎರಡೂ ಬೂಟ್ ಸೆಕ್ಟರ್ ಸರಿಯಿದ್ದು ಪಟ್ಟಿ ಬಾರದಿದ್ದರೆ ಎಂಎಫ್‌ಟಿ (ಎಲ್ಲ ಫೈಲುಗಳ ದಾಖಲೆ ಪಟ್ಟಿ) ಕೆಟ್ಟಿರುತ್ತದೆ. ಅದರ ಮಿರರ್‌ನಲ್ಲಿ (ಪ್ರತಿಯಲ್ಲಿ) ಸಾಮಾನ್ಯವಾಗಿ ಮೊದಲ ನಾಲ್ಕು ದಾಖಲೆ ಮಾತ್ರ ಇರುವುದರಿಂದ ಅಲ್ಲಿ ಹೆಚ್ಚು ನಿರೀಕ್ಷೆ ಬೇಡ.

ಆಗ ಉಳಿಯುವುದು ಫೋಟೊರೆಕ್. ಅದು ಫೈಲ್ ಸಿಸ್ಟಮ್ ಬಿಟ್ಟು, ಪ್ರತಿ ಬಗೆಯ ಫೈಲಿನ ತಲೆಗುರುತು ಹುಡುಕುತ್ತಾ ಹೋಗುತ್ತದೆ. ಜೆಪೆಗ್, ಕ್ಯಾನನ್, ನಿಕಾನ್ ಕ್ಯಾಮೆರಾಗಳ ರಾ (ಸಂಸ್ಕರಿಸದ ಫೋಟೊ) ಫೈಲ್ ಚೆನ್ನಾಗಿ ಸಿಗುತ್ತವೆ. ಉದ್ದ ವಿಡಿಯೊ ತುಂಡಾಗಿ ಕೂತಿದ್ದರೆ ಸಿಕ್ಕರೂ ಓಡುವುದಿಲ್ಲ. ಹೆಸರು, ಫೋಲ್ಡರ್ ಎಲ್ಲ ಹೋಗಿರುತ್ತವೆ, ಆದರೆ ಫೋಟೊದೊಳಗೆ ಕ್ಯಾಮೆರಾ ಬರೆದಿಟ್ಟ ಎಕ್ಸಿಫ್ ದಿನಾಂಕ ಉಳಿದಿರುತ್ತದೆ. ಆ ದಿನಾಂಕದ ಪ್ರಕಾರ ಬೇರ್ಪಡಿಸಿದರೆ ಯಾವುದು ಯಾರ ಮದುವೆಯದೆಂದು ಸ್ಟುಡಿಯೊದವರೇ ಗುರುತು ಹಿಡಿಯುತ್ತಾರೆ.

ಕೊನೆಯ ಹೆಜ್ಜೆಯನ್ನು ಬಹಳ ಜನ ಮಾಡುವುದಿಲ್ಲ, ನನಗೆ ಅದೇ ಮುಖ್ಯ. ಓದಲಾಗದ ಜಾಗಗಳು ಇಮೇಜಿನಲ್ಲಿ ಸೊನ್ನೆಯಾಗಿ ಉಳಿದಿರುತ್ತವೆ, ಅಲ್ಲಿ ಬಿದ್ದ ಫೋಟೊ ಅರ್ಧ ಬೂದುಬಣ್ಣವಾಗಿ ತೆರೆಯುತ್ತದೆ. ಸಾವಿರಾರು ಫೋಟೊ ಒಂದೊಂದಾಗಿ ನೋಡಲಾದೀತೆ? ಡಿಡಿರೆಸ್ಕ್ಯೂವಿನ 'ಫಿಲ್ ಮೋಡ್' ಬಳಸಿ, ಮ್ಯಾಪ್ ಫೈಲಿನ ಪ್ರಕಾರ ಆ ಖಾಲಿ ಜಾಗಗಳಲ್ಲೆಲ್ಲ ಬೇರೆಲ್ಲೂ ಬರದ ಒಂದು ಪದ ತುಂಬಿಸಿದೆ. ಆಮೇಲೆ ಇಮೇಜನ್ನು ಓದಲು ಮಾತ್ರ ಮೌಂಟ್ ಮಾಡಿ ಆ ಪದ ಯಾವ ಫೈಲುಗಳಲ್ಲಿದೆ ಎಂದು ಗ್ರೆಪ್ ಎಂಬ ಹುಡುಕುವ ಕಮಾಂಡಿನಿಂದ ಹುಡುಕಿದರೆ ಕೆಟ್ಟ ಫೈಲುಗಳ ಪಟ್ಟಿ ಸಿಕ್ಕಿತು: ಒಟ್ಟು 11. ಫೈಲುಗಳನ್ನು ಹೊಸ ಡಿಸ್ಕಿಗೆ ಹಾಕಿ, ಆ ಹನ್ನೊಂದರ ಹೆಸರನ್ನು ಕಾಗದದಲ್ಲಿ ಬರೆದು ಜೊತೆಗೆ ಕೊಟ್ಟೆ. ಅವರು ಒಂದೊಂದೂ ಆಲ್ಬಮ್ ತೆರೆದು ನೋಡುವವರೆಗೆ, ಹದಿನೈದು ದಿನ, ಇಮೇಜ್ ಅಳಿಸದೆ ಇಟ್ಟುಕೊಂಡಿದ್ದೆ.