ಮಾವನ ಜಾವಾ ಮತ್ತು ಅರ್ಧ ಮುಚ್ಚಿದ ಎಂಟು

ನಮ್ಮ ಸೋದರಮಾವನ 1969ರ ಜಾವಾ 250 ಬೈಕು ಹತ್ತೊಂಬತ್ತು ವರ್ಷ ಮೈಸೂರಿನ ಮನೆಯ ಹಿತ್ತಲಲ್ಲಿ, ತಗಡಿನ ಶೆಡ್ಡಿನೊಳಗೆ ನಿಂತಿತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ, ಊರು ಬಿಟ್ಟು ಹೆಚ್ಚು ದೂರ ಹೋದದ್ದೇ ಇಲ್ಲ. "ತಗೊಂಡ್ ಹೋಗೋ, ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ" ಅಂದರು ಮಾವ. ತಗೊಂಡು ಬಂದೆ.

ಆರ್‌ಸಿ ನನ್ನ ಹೆಸರಿಗೆ ಮಾಡಿಸಬೇಕಿತ್ತು. ಅದಕ್ಕೂ ಮೊದಲು ನಂಬರ್‌ಗಳನ್ನು ತಾಳೆ ನೋಡಲು ಕೂತೆ. ಹ್ಯಾಂಡಲ್ ಕೆಳಗಿನ ಪೈಪಿನ ಮೇಲೆ ಚಾಸಿ ನಂಬರ್ ಸಲೀಸಾಗಿ ಸಿಕ್ಕಿತು. ಸತಾಯಿಸಿದ್ದು ಎಂಜಿನ್.

ಮೊದಲು ಕಣ್ಣಿಗೆ ಬಿದ್ದ ಅಂಕಿಗಳನ್ನೇ ಎಂಜಿನ್ ನಂಬರ್ ಅಂದುಕೊಂಡು ಬರೆದುಕೊಂಡೆ. ಆರ್‌ಸಿಗೂ ಅದಕ್ಕೂ ಸಂಬಂಧವೇ ಇಲ್ಲ! ಎದೆ ಧಸಕ್ಕೆಂದಿತು. ಆಮೇಲೆ ಬೆರಳಾಡಿಸಿ ನೋಡಿದರೆ ಆ ಅಂಕಿಗಳು ಉಬ್ಬಿದ್ದವು. ಉಬ್ಬು ಅಂಕಿ ಅಂದರೆ ಎರಕ ಹೊಯ್ಯುವ ಅಚ್ಚಿನದು. ಅದೇ ಅಚ್ಚಿನಿಂದ ಬಂದ ಎಲ್ಲ ಕೇಸಿಂಗ್‌ಗಳ (ಎಂಜಿನ್ನಿನ ಹೊರಕವಚ) ಮೇಲೂ ಅದೇ ಇರುತ್ತೆ. ಗಾಡಿಯ ಸ್ವಂತ ನಂಬರ್ ಪಂಚ್ ಹೊಡೆದದ್ದು, ಬೆರಳಿಗೆ ತಗ್ಗಾಗಿ ಸಿಗುತ್ತೆ.

ತಗ್ಗಿನ ನಂಬರ್ ಗ್ರೀಸು, ಮಣ್ಣು, ಯಾರೋ ಬಳಿದ ಸಿಲ್ವರ್ ಪೇಂಟ್ ಅಡಿಯಲ್ಲಿತ್ತು. ಡೀಸೆಲ್ ಹಚ್ಚಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದೆ. ಎಮೆರಿ ಪೇಪರ್ ಮಾತ್ರ ಮುಟ್ಟಬೇಡಿ. ಅಲ್ಯೂಮಿನಿಯಂ ಮೆತ್ತಗಿರುತ್ತೆ, ಅಂಕಿಯೇ ಸವೆದು ಹೋಗುತ್ತೆ. ಸಾಲದ್ದಕ್ಕೆ ನಂಬರ್ ಸುತ್ತ ಹೊಳಪು ಕಂಡರೆ ನೋಡುವವರಿಗೂ ಅನುಮಾನ ಬರುತ್ತೆ, ಅಲ್ವಾ?

ಕೊನೆಗೂ ಕಾಣಿಸಿತು. ಆದರೆ ಆರ್‌ಸಿಯಲ್ಲಿ 8 ಇದ್ದ ಕಡೆ ಇಲ್ಲಿ 3! ಎಂಜಿನ್ ಬದಲಾಗಿದ್ದರೆ ಓಡಾಟ ಜಾಸ್ತಿ. ಅಂಕಿಗಳ ಸಾಲು ಬೇರೆ ಸ್ವಲ್ಪ ಡೊಂಕು. ಒಂದೊಂದೇ ಪಂಚ್ ಇಟ್ಟು ಸುತ್ತಿಗೆಯಲ್ಲಿ ಹೊಡೆದ ಸಾಲು ಡೊಂಕಾಗೋದು ಸಹಜ ಅಂತ ಸಮಾಧಾನ ಮಾಡಿಕೊಂಡೆ.

ಆ ರಾತ್ರಿ ಶೆಡ್ಡಿನ ದೀಪ ಆರಿಸಿ, ಟಾರ್ಚನ್ನು ಕೇಸಿಂಗಿಗೆ ತಾಗಿಸಿದಂತೆ ಅಡ್ಡಡ್ಡ ಹಿಡಿದೆ. ಬೆಳಕು ನೇರ ಬಿದ್ದಾಗ ಕಾಣದ ತಗ್ಗು ಓರೆಯಾಗಿ ಬಿದ್ದಾಗ ನೆರಳು ಕೊಡುತ್ತೆ. 3ರ ಎಡಗಡೆ ಸಣ್ಣ ನೆರಳು. ಅಗರಬತ್ತಿಯ ಕಡ್ಡಿ ಚೂಪು ಮಾಡಿ ಮೆಲ್ಲಗೆ ಕೆದಕಿದೆ. ಪೇಂಟಿನ ಚಕ್ಕೆ ಉದುರಿತು, 8 ಪೂರ್ತಿಯಾಯಿತು. ಮೇಲೆ ಚಾಕ್‌ಪೀಸ್ ತಿಕ್ಕಿ ಬಟ್ಟೆಯಲ್ಲಿ ಒರೆಸಿದರೆ ತಗ್ಗಿನಲ್ಲಿ ಮಾತ್ರ ಬಿಳಿ ಉಳಿಯಿತು. ಫೋಟೋ ತೆಗೆದೆ. ಆಮೇಲೆ ಚಾಕ್ ತೊಳೆದು, ತೆಳು ಹಾಳೆ ಅಂಟಿಸಿ ಪೆನ್ಸಿಲ್ ಪ್ರಿಂಟ್ ತೆಗೆದೆ. ಆರ್‌ಟಿಓದಲ್ಲಿ ಅದನ್ನು ನೋಡಿ ಏನೂ ಕೇಳಲಿಲ್ಲ.

ಆಮೇಲೆ ಇದೇ ಹುಚ್ಚು ಹಿಡಿಯಿತು. ಸಿಕ್ಕ ಬಿಡಿಭಾಗವನ್ನೆಲ್ಲ ತಿರುಗಿಸಿ ನೋಡಿದೆ. ಡೈನಮೋ ಮೇಲೆ ಚೆಕ್ ದೇಶದ ಪಾಲ್ ಕಂಪನಿಯ ಗುರುತು. ಕಾರ್ಬುರೇಟರ್ ಮಾತ್ರ ಅಲ್ಲಿಯದೇ ಜಿಕೋವ್ ಅಲ್ಲ, ನಮ್ಮ ದೇಶದ ಮಿಕಾರ್ಬ್.

ಹೆಡ್ ಬಿಚ್ಚಿದಾಗ ಪಿಸ್ಟನ್ ತಲೆ ಮೇಲೆ ಮಸಿಯಡಿ 65.50 ಅಂತ ಕಂಡಿತು. ಈ ಎಂಜಿನ್ನಿನ ಮೂಲ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 65 ಮಿಲಿಮೀಟರ್. ಹಾಗಾದರೆ ಸವೆದ ಸಿಲಿಂಡರನ್ನು ಕೊರೆಸಿ ಅಗಲ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿದ್ದಾರೆ. ಮಾವನಿಗೆ ಫೋನ್ ಮಾಡಿದೆ.

"ಛೇ, ಒಂದು ಸಲಾನೂ ಎಂಜಿನ್ ಬಿಚ್ಚಿಲ್ಲ ಕಣೋ!"

ಹಿಂದಿನಿಂದ ಅತ್ತೆಯ ದನಿ: "ಯಾಕ್ರೀ ಸುಳ್ಳು ಹೇಳ್ತೀರ? ಆ ವರ್ಷ ನನ್ನ ಹಬ್ಬದ ಸೀರೆ ದುಡ್ಡು ಅದಕ್ಕೇ ತಾನೇ ಹೋಗಿದ್ದು!"