ಕಾಲು ರೆಡಿ ಇತ್ತು, ಕತ್ತು ಇರಲಿಲ್ಲ

ಬಲಗೈ ಹೆಬ್ಬೆರಳು, ತೋರುಬೆರಳು ಜುಮ್ಮೆನ್ನಲು ಶುರುವಾದಾಗ ನಾನು ಮೊದಲು ಬದಲಿಸಿದ್ದು ಗ್ಲೌಸು. ಆಮೇಲೆ ಹ್ಯಾಂಡಲ್ ಟೇಪು. ಸೈಕಲ್ ತುಳಿಯುವವರಿಗೆ ಕೈ ಮರಗಟ್ಟುವುದು ಹೊಸದೇನಲ್ಲ, ಅಲ್ವಾ? ಆದರೆ ಹ್ಯಾಂಡಲ್ ಮೇಲೆ ಭಾರ ಬಿದ್ದು ಮರಗಟ್ಟುವುದು ಸಾಮಾನ್ಯವಾಗಿ ಕಿರುಬೆರಳು ಮತ್ತು ಉಂಗುರದ ಬೆರಳು. ನನ್ನದು ಈ ಕಡೆಯ ಎರಡು. ಜೊತೆಗೆ ಭುಜದಿಂದ ಕೆಳಗಿಳಿಯುವ ನೋವು, ಸೈಕಲ್ ಇಳಿದ ಮೇಲೂ ಹೋಗುತ್ತಿರಲಿಲ್ಲ. ಎಂಆರ್‌ಐ ಮಾಡಿಸುವ ಹೊತ್ತಿಗೆ ಏಳು ತಿಂಗಳು ಸುಮ್ನೆ ಕಳೆದಿದ್ದೆ. ಕತ್ತಿನ ಐದನೇ ಮತ್ತು ಆರನೇ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ನರವನ್ನು ಒತ್ತುತ್ತಿತ್ತು.

ಕತ್ತಿನ ಮುಂಭಾಗದಿಂದ ಆಪರೇಷನ್ ಮಾಡಿದರು. ಡಿಸ್ಕ್ ತೆಗೆದು ಆ ಜಾಗದಲ್ಲಿ ಕೇಜ್ ಅನ್ನುವ ಗೂಡಿನಂಥ ಒಂದು ಪುಟ್ಟ ತುಂಡು ಇಟ್ಟು, ಮೇಲೆ ಪ್ಲೇಟು, ಸ್ಕ್ರೂ. ಆ ಪ್ಲೇಟೇ ವಾಸಿಯಾದ ಲೆಕ್ಕ ಅಂದುಕೊಂಡಿದ್ದೆ. ಅಲ್ಲ. ಎರಡು ಮೂಳೆ ಬೆಳೆದು ಒಂದಕ್ಕೊಂದು ಕೂಡಿಕೊಳ್ಳಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಹಿಡಿದುಕೊಂಡಿರುವುದಷ್ಟೇ ಪ್ಲೇಟಿನ ಕೆಲಸ. ಮೊದಲ ಎರಡು ವಾರ ಏನು ನುಂಗಿದರೂ ಗಂಟಲಲ್ಲಿ ಸಿಕ್ಕಿಕೊಂಡ ಹಾಗೆ. ಆರು ವಾರ ಕಾಲರ್. ನಡಿಗೆ ಬಿಟ್ಟು ಬೇರೇನೂ ಇಲ್ಲ.

ಏಳನೇ ವಾರ ಡಾಕ್ಟರು ಒಪ್ಪಿದ ಮೇಲೆ ಸೈಕಲನ್ನು ಮನೆಯೊಳಗೆ, ನಿಂತಲ್ಲೇ ತುಳಿಯುವ ಸ್ಟ್ಯಾಂಡಿಗೆ, ಅಂದರೆ ಟ್ರೈನರ್‌ಗೆ ಸಿಕ್ಕಿಸಿದೆ. ದಿನಕ್ಕೆ 10 ನಿಮಿಷ, ಹಗುರ ಗೇರು, ಬೆನ್ನು ನೆಟ್ಟಗೆ. ಮೂರನೇ ತಿಂಗಳ ಎಕ್ಸ್‌ರೇ ಹೊತ್ತಿಗೆ 40 ನಿಮಿಷ ತುಳಿಯುತ್ತಿದ್ದೆ. ಉಸಿರು ಚೆನ್ನಾಗಿತ್ತು, ಕಾಲಂತೂ ಮೊದಲಿನ ಹಾಗೇ ಇತ್ತು. ನಾನು ಮೋಸ ಹೋದದ್ದು ಇಲ್ಲೇ. ಆ 40 ನಿಮಿಷವೂ ನಾನು ನೋಡುತ್ತಿದ್ದದ್ದು ನೆಲವನ್ನು. ಟ್ರೈನರ್ ಮೇಲೆ ತಲೆ ಎತ್ತುವ ಕೆಲಸವೇ ಇಲ್ಲ.

ನಾಲ್ಕನೇ ತಿಂಗಳು ಒಪ್ಪಿಗೆ ಸಿಕ್ಕ ಮೇಲೆ ರಸ್ತೆಗೆ ಇಳಿದೆ. ಖಾಲಿ ರಸ್ತೆ, ಸಮತಟ್ಟು. ಕಾಲು ಗಂಟೆ ಆಗುವಷ್ಟರಲ್ಲಿ ಎರಡೂ ರೆಕ್ಕೆ ಮೂಳೆಗಳ ನಡುವೆ ಉರಿ. ಮುಂದೆ ಬಾಗಿ ಕೂತು ರಸ್ತೆ ನೋಡಬೇಕೆಂದರೆ ಗದ್ದ ಎತ್ತಲೇಬೇಕು. ತಲೆ ಅಂದರೆ ನಾಲ್ಕೂವರೆ, ಐದು ಕಿಲೋ ತೂಕ, ಅದರ ಮೇಲೆ ಹೆಲ್ಮೆಟ್. ಅಷ್ಟನ್ನೂ ಹಿಡಿದು ನಿಲ್ಲಿಸಬೇಕಾದ ಹಿಂಗತ್ತಿನ ಸ್ನಾಯುಗಳು ಕಾಲರ್ ಒಳಗೆ ಆರು ವಾರ ರಜೆಯಲ್ಲಿದ್ದವು! ಅವತ್ತು ಸೈಕಲ್ ತಳ್ಳಿಕೊಂಡೇ ಮನೆಗೆ ಬಂದೆ.

ಆಮೇಲೆ ಎರಡು ಕೆಲಸ ಒಟ್ಟಿಗೆ ನಡೆದವು. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಬಹಳ ಬೋರು. ಗದ್ದವನ್ನು ಹಿಂದಕ್ಕೆ ಎಳೆದು ಹಿಡಿಯುವುದು, ಅಂಗೈಯನ್ನು ಹಣೆಗೆ ಒತ್ತಿ ತಲೆ ಅಲುಗಿಸದೆ ಎದುರೊತ್ತುವುದು, ಭುಜ ಹಿಂದೆ ಕೂಡಿಸುವುದು. ಬೋರು ಅಂತ ಒಂದು ವಾರ ಬಿಟ್ಟರೆ ಮುಂದಿನ ವಾರದ ಸವಾರಿಯಲ್ಲೇ ಗೊತ್ತಾಗುತ್ತಿತ್ತು.

ಇನ್ನೊಂದು, ಸೈಕಲ್ಲನ್ನೇ ಬದಲಿಸಿದ್ದು. ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು, ಅಂದರೆ ಸ್ಟೆಮ್, 100 ಮಿ.ಮೀ. ಇದ್ದದ್ದನ್ನು ತೆಗೆದು 70ರದ್ದು ಹಾಕಿದೆ, ಮೂತಿ ಮೇಲಕ್ಕೆ ಬರುವ ಹಾಗೆ. ಹ್ಯಾಂಡಲ್ ಹತ್ತಿರವೂ ಬಂತು, ಎತ್ತರವೂ ಆಯಿತು. ಅಂಡಿಗೆ ಭಾರ ಜಾಸ್ತಿಯಾಗಿ ಒಂದು ತಿಂಗಳು ಸೀಟಿನ ಜೊತೆ ಬೇರೆಯೇ ಜಗಳ. ಟೈರಿನ ಅಗಲ 25 ಮಿ.ಮೀ.ನಿಂದ 32ಕ್ಕೆ ಹೋಯಿತು. ಗಾಳಿ ಕಡಿಮೆ ಮಾಡಿದ ಮೇಲೆ ಗುಂಡಿಯ ಏಟು ಮೊದಲಿನಷ್ಟು ಕತ್ತಿಗೆ ಬರುತ್ತಿಲ್ಲ. ಹೆಲ್ಮೆಟ್ಟಿನ ಮುಂದಿನ ಚಾಚು ಕಿತ್ತುಹಾಕಿದೆ. ಆದರೆ ಎಲ್ಲಕ್ಕಿಂತ ಉಪಕಾರ ಮಾಡಿದ್ದು ಯಾರೂ ಹೇಳದ ಒಂದು ವಿಷಯ: ಕನ್ನಡಕ. ನನ್ನ ಕನ್ನಡಕದ ಮೇಲಿನ ಫ್ರೇಮು ದಪ್ಪ. ಬಾಗಿ ಕೂತಾಗ ಆ ಕಪ್ಪು ಪಟ್ಟಿ ಸರಿಯಾಗಿ ರಸ್ತೆಗೇ ಅಡ್ಡ ಬರುತ್ತಿತ್ತು. ಅದರಿಂದ ತಪ್ಪಿಸಿಕೊಳ್ಳಲು ನನಗೇ ಗೊತ್ತಿಲ್ಲದೆ ಗದ್ದವನ್ನು ಇನ್ನೂ ಎರಡು ಬೆರಳು ಮೇಲೆತ್ತುತ್ತಿದ್ದೆ. ಮೇಲೆ ಫ್ರೇಮಿಲ್ಲದ ಕನ್ನಡಕ ಹಾಕಿದ ದಿನ ಕಣ್ಣಷ್ಟೇ ಎತ್ತಿದರೆ ಸಾಕಾಯಿತು.

ಉಳಿದದ್ದು ಹಿಂದೆ ನೋಡುವ ಕಷ್ಟ. ಮೂಳೆ ಕೂಡಿಸಿದ್ದಾರೆ, ಇನ್ನು ತಲೆ ತಿರುಗುವುದಿಲ್ಲ ಅಂತ ನಾನು ನಂಬಿಬಿಟ್ಟಿದ್ದೆ. ತಲೆ ತಿರುಗಿಸುವ ಕೆಲಸದಲ್ಲಿ ಸುಮಾರು ಅರ್ಧವನ್ನು ಮಾಡುವುದು ತೀರಾ ಮೇಲಿನ ಎರಡು ಮೂಳೆಗಳು, ನನಗೆ ಕೂಡಿಸಿದ್ದು ಅವನ್ನಲ್ಲ ಅಂತ ಫಿಸಿಯೋ ಹೇಳಿದಾಗ ನಗು ಬಂತು. ಬಿಗಿದುಕೊಂಡಿದ್ದು ಭಯದಿಂದ. ಆದರೂ ಮೊದಲ ಸಲ ಹಿಂದೆ ತಿರುಗಿದಾಗ ಭುಜವೂ ತಿರುಗಿ, ಹ್ಯಾಂಡಲ್ಲೂ ತಿರುಗಿ, ನಡುರಸ್ತೆಗೆ ಹೋಗಿದ್ದೆ. ಹಿಂದೆ ಗಾಡಿ ಇರಲಿಲ್ಲ, ಪುಣ್ಯ. ಈಗ ತಿರುಗುವ ಕಡೆಯ ಕೈಯನ್ನು ಹ್ಯಾಂಡಲ್‌ನಿಂದ ಬಿಟ್ಟು ತೊಡೆ ಮೇಲಿಟ್ಟು, ಸೊಂಟದಿಂದಲೇ ತಿರುಗುತ್ತೇನೆ. ಸೈಕಲ್ ನೇರ ಹೋಗುತ್ತದೆ. ಇದನ್ನು ಖಾಲಿ ಮೈದಾನದಲ್ಲಿ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಹ್ಯಾಂಡಲ್ ತುದಿಗೆ ಕನ್ನಡಿಯೂ ಇದೆ. ಹಳೇ ಗೆಳೆಯರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಉರಿ, ಆಯಾಸ ಇದ್ದರೆ ದೂರ ಕಡಿಮೆ ಮಾಡುತ್ತೇನೆ. ಬೆರಳು ಮತ್ತೆ ಜುಮ್ಮೆಂದರೆ, ಕೈಯ ಹಿಡಿತ ಸಡಿಲವಾದರೆ, ತಲೆ ಬಗ್ಗಿಸಿದಾಗ ಬೆನ್ನಿಗೆ ಕರೆಂಟು ಹೊಡೆದ ಹಾಗಾದರೆ ಸೈಕಲ್ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು ಅಂತ ತಾಕೀತು ಇದೆ. ಒಂದೇ ಸಲ ಹೋಗಿದ್ದೆ, ಅದೂ ಕಿರುಬೆರಳು ಜುಮ್ಮೆಂದಿದ್ದಕ್ಕೆ. ನೋಡಿದರೆ ಹ್ಯಾಂಡಲ್ ಒತ್ತಿ ಹಿಡಿದ ಮಾಮೂಲಿ ತೊಂದರೆ. ಈ ಸಲ ನಿಜಕ್ಕೂ ಗ್ಲೌಸೇ ಬದಲಿಸಬೇಕಿತ್ತು.

ಆಪರೇಷನ್ ಆಗಿ ಈಗ ಒಂದೂವರೆ ವರ್ಷ. ವಾರಕ್ಕೊಮ್ಮೆ 50 ಕಿ.ಮೀ. ಹೋಗುತ್ತೇನೆ, ಅರ್ಧ ಗಂಟೆಗೊಮ್ಮೆ ಇಳಿದು ಭುಜ ಬಿಡಿಸಿಕೊಳ್ಳುತ್ತೇನೆ. ಹ್ಯಾಂಡಲ್‌ನ ಕೆಳಗಿನ ಬಾಗಿದ ಹಿಡಿಯನ್ನು ಅವತ್ತಿನಿಂದ ಮುಟ್ಟಿಲ್ಲ. ಮೇಲಿನ ಟೇಪು ಸವೆದು ಹರಿದಿದೆ, ಕೆಳಗಿನದು ಹಾಕಿದ ದಿನದ ಹಾಗೇ ಇದೆ. ಟೇಪು ಬದಲಿಸುವ ಬದಲು ಹ್ಯಾಂಡಲ್ಲನ್ನೇ ಬದಲಿಸಿ ನೇರದ್ದು ಹಾಕಿಸೋಣ ಅಂತಿದ್ದೇನೆ.